ಮಹಾನಗರದ ಮಡಿಲಲ್ಲಿ ಚಿರತೆಗಳ ಬೀಡು

ಮುಂಬಯಿ ಎಂದೊಡನೆ ಕಣ್ಣ ಮುಂದೆ ಮೂಡುವುದು ಮುಗಿಲು ಮುಟ್ಟುವ ಕಟ್ಟಡಗಳು, ಕಾಲಿಡಲು ಸ್ಥಳವಿಲ್ಲದ ಲೋಕಲ್ ರೈಲುಗಳು, ಕಡಲ ದಂಡೆ ಮತ್ತು ಹೊಟ್ಟೆಪಾಡಿಗಾಗಿ ಧಾವಿಸುವ ಜನಸಾಗರ. ಉತ್ತರ ಕರ್ನಾಟಕದ ಅದೆಷ್ಟೋ ಊರುಗಳಿಂದ ಕಾಯಕವನ್ನರಸಿ ಈ ನಗರಕ್ಕೆ ಹೋಗಿ ನೆಲೆಸಿದವರಿದ್ದಾರೆ. ಅವರ ಮನೆಗಳಿಗೆ ಹೋಗುವ ಬಂಧುಬಳಗದವರು ಗೇಟ್‌ವೇ ಆಫ್ ಇಂಡಿಯಾ, ಮಹಾಲಕ್ಷ್ಮಿಯ ಗುಡಿ, ಚೌಪಾಟಿಗಳನ್ನು ನೋಡಿಕೊಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಇದೇ ನಗರದ ಎಲ್ಲೆಯೊಳಗೆ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ನಿಜವಾದ ಕಾಡೊಂದಿದೆ, ಅಲ್ಲಿ ಚಿರತೆ, ಕಡವೆ, ಮೊಸಳೆಗಳು ಯಾವ ಪಂಜರವೂ ಇಲ್ಲದೆ ಬಾಳುತ್ತಿವೆ ಎಂದರೆ ಅನೇಕರಿಗೆ ನಂಬಿಕೆ ಬರಲಾರದು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೇ ಆ ಕಾಡು.

ಉದ್ಯಾನವೆಂಬ ಮಾತನ್ನು ಕೇಳಿ ಬೆಂಗಳೂರಿನ ಲಾಲ್‌ಬಾಗನ್ನೋ ಕಬ್ಬನ್ ಪಾರ್ಕನ್ನೋ ನೆನೆಯಬೇಕಾಗಿಲ್ಲ. ಮಹಾನಗರದೊಳಗೆ ರಾಷ್ಟ್ರೀಯ ಉದ್ಯಾನವಿರುವುದು ನಮ್ಮ ದೇಶದಲ್ಲಿ ತೀರ ವಿರಳ. ಚೆನ್ನೈ ನಗರದ ಗಿಂಡಿ ರಾಷ್ಟ್ರೀಯ ಉದ್ಯಾನ ಅಂಥದೊಂದು. ಆದರೆ ಅದರ ವಿಸ್ತಾರ ಮೂರು ಚದರ ಕಿಲೋಮೀಟರಿಗೂ ಕಡಿಮೆ. ಬೋರಿವಲಿಯ ಕಾಡಾದರೋ ಪಶ್ಚಿಮಕ್ಕೆ ಬೋರಿವಲಿ, ಕಾಂದಿವಲಿ, ಮಲಾಡ್, ಗೋರೆಗಾಂವ್. ಪೂರ್ವಕ್ಕೆ ಭಾಂಡುಪ್, ಮುಲುಂಡ್. ಉತ್ತರಕ್ಕೆ ಠಾಣೆ ಹಾಗೂ ಘೋಡಬಂದರ್ ರಸ್ತೆ, ದಕ್ಷಿಣಕ್ಕೆ ಆರೆ ಕಾಲೊನಿ ಮತ್ತು ಪವಾಯಿ, ಇವುಗಳ ನಡುವೆ ಹರಡಿಕೊಂಡಿದೆ. ಸುತ್ತಲೂ ಲಕ್ಷಾಂತರ ಜನರ ವಸತಿ, ನಡುವೆ ದಟ್ಟವಾದ ಕಾಡು. ಬಾಲ್ಕನಿಯಲ್ಲಿ ನಿಂತು ಚಹಾ ಕುಡಿಯುವವರಿಗೆ ಎದುರಿನ ಗುಡ್ಡದ ಮರಗಳಲ್ಲಿ ಮುಸುವಗಳು ಕಾಣುವಂಥ ಊರು ಇದು.

ನೀರಿನಿಂದ ಉಳಿದ ಕಾಡು

ಇಷ್ಟು ಬೆಲೆಬಾಳುವ ನೆಲದಲ್ಲಿ ಕಾಡು ಉಳಿದದ್ದಾದರೂ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ನೀರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿಯ ಜನ ಬಾವಿ ಮತ್ತು ಕೆರೆಗಳ ನೀರನ್ನೇ ನಂಬಿಕೊಂಡಿದ್ದರು. ಊರು ಬೆಳೆದಂತೆ ನೀರಿನ ಬವಣೆಯೂ ಬೆಳೆಯಿತು. ಆಗ ಈ ಗುಡ್ಡಗಳ ನಡುವೆ ಒಡ್ಡು ಹಾಕಿ ವಿಹಾರ ಕೆರೆಯನ್ನು ಕಟ್ಟಲಾಯಿತು. 1860ರಲ್ಲಿ ಅದರ ನೀರು ಕೊಳವೆಯ ಮೂಲಕ ನಗರಕ್ಕೆ ಹರಿಯಿತು. ಮುಂದೆ 1879ರಲ್ಲಿ ತುಳಸಿ ಕೆರೆ ಸಿದ್ಧವಾಯಿತು. ಕೆರೆಗೆ ಶುದ್ಧವಾದ ನೀರು ಬರಬೇಕಾದರೆ ಸುತ್ತಲಿನ ಜಲಾನಯನ ಪ್ರದೇಶ ಶುದ್ಧವಾಗಿರಬೇಕು. ಅದಕ್ಕಾಗಿ ಅಲ್ಲಿ ಮನೆ, ಕಾರ್ಖಾನೆಗಳಿಗೆ ಅವಕಾಶ ಕೊಡದೆ ಮರಗಳನ್ನು ಕಾಪಾಡಲಾಯಿತು. ಹೀಗೆ ಜನರ ಬಾಯಾರಿಕೆಯನ್ನು ತಣಿಸಲು ಕಾದಿಟ್ಟ ನೆಲವೇ ಮೃಗಪಕ್ಷಿಗಳಿಗೂ ಆಸರೆಯಾಯಿತು. ಮೊದಲು ಕೃಷ್ಣಗಿರಿ ಎಂದೂ ಬಳಿಕ ಬೋರಿವಲಿ ರಾಷ್ಟ್ರೀಯ ಉದ್ಯಾನವೆಂದೂ ಕರೆಸಿಕೊಂಡ ಈ ಕಾಡಿಗೆ ಆಮೇಲೆ ಈಗಿನ ಹೆಸರು ಬಂದಿತು.

ಇಂದು ಮುಂಬಯಿಗೆ ಬೇಕಾದ ನೀರಿನ ಬಹುಪಾಲು ದೂರದ ಜಲಾಶಯಗಳಿಂದ ಬರುತ್ತದೆಯಾದರೂ ತುಳಸಿ, ವಿಹಾರ ಕೆರೆಗಳು ಈಗಲೂ ನಗರಕ್ಕೆ ನೀರುಣಿಸುತ್ತಿವೆ. ದಹಿಸರ್, ಪೊಯಿಸರ್ ನದಿಗಳು ಹುಟ್ಟುವುದು ಈ ಗುಡ್ಡಗಳಲ್ಲಿಯೇ. ಮೀಠಿ ನದಿಯು ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯ ನೀರಿನಿಂದ ಆರಂಭವಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿ ಹರಿದಾಗ ನೂರಾರು ಜನ ಪ್ರಾಣ ಕಳೆದುಕೊಂಡರು. ನದಿಯ ಪಾತ್ರವನ್ನು ಕಿರಿದುಗೊಳಿಸಿ, ಅದರ ದಂಡೆಯ ಜೌಗು ನೆಲವನ್ನು ಮುಚ್ಚಿ ಕಟ್ಟಡ ಕಟ್ಟಿದ್ದರ ಫಲವನ್ನು ನಗರವು ಅಂದು ಉಂಡಿತು. ಕಾಡೂ ಇಲ್ಲದಿದ್ದರೆ ಗುಡ್ಡದ ಮಳೆಯನ್ನು ತಡೆದು ಇಂಗಿಸಿಕೊಳ್ಳುವವರು ಯಾರು? ಏನನ್ನೂ ಬೇಡದೆ ನೀರು, ನೆರಳು, ಗಾಳಿಗಳನ್ನು ನೀಡುತ್ತಿರುವ ಈ ಕಾಡಿನದು ದೊಡ್ಡ ದಾಸೋಹವೆಂದೇ ನಾವು ಭಾವಿಸುತ್ತೇವೆ.

ಕಲ್ಲಿನಲ್ಲಿ ಕನ್ನಡ ನಾಡಿನ ನೆನಪು

ಕಾಡಿನೊಳಗೆ ಕೆಲವು ಕಿಲೋಮೀಟರ್ ಸಾಗಿದರೆ ಕನ್ಹೇರಿಯ ಗುಹೆಗಳು ಎದುರಾಗುತ್ತವೆ. ಕನ್ಹೇರಿ ಎಂಬುದು ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ, ಎಂಬುದರಿಂದ ಬಂದ ಹೆಸರು. ಕ್ರಿಸ್ತಶಕದ ಆರಂಭಕಾಲದಿಂದ ಸುಮಾರು ಸಾವಿರ ವರ್ಷಗಳವರೆಗೆ ಬೌದ್ಧ ಭಿಕ್ಷುಗಳು ಈ ಕರಿಗಲ್ಲಿನ ಬೆಟ್ಟವನ್ನು ಕೊರೆದು ನೂರಕ್ಕೂ ಹೆಚ್ಚು ಗುಹೆಗಳನ್ನು ನಿರ್ಮಿಸಿದರು. ಮೂರನೆಯ ಗುಹೆಯ ಚೈತ್ಯಾಲಯ, ಅದರ ಸಾಲುಗಂಬಗಳು, ಮುಂಭಾಗದ ಇಕ್ಕೆಲಗಳಲ್ಲಿ ನಿಂತಿರುವ ಬುದ್ಧನ ಬೃಹತ್ ಮೂರ್ತಿಗಳು ನೋಡುವವರ ಮಾತನ್ನು ನಿಲ್ಲಿಸುತ್ತವೆ. ನಮ್ಮೊಡನಿದ್ದ ಮಕ್ಕಳಿಗೆ ಮೂರ್ತಿಗಳಿಗಿಂತಲೂ ಹೆಚ್ಚು ಹಿಡಿಸಿದ್ದು ಗುಹೆಗಳ ಬಾಗಿಲಲ್ಲಿರುವ ನೀರಿನ ತೊಟ್ಟಿಗಳು. ಬಂಡೆಯ ಮೇಲೆ ಬಿದ್ದ ಮಳೆನೀರು ಕಲ್ಲಿನಲ್ಲೇ ಕೊರೆದ ಕಾಲುವೆಗಳಲ್ಲಿ ಹರಿದು ತೊಟ್ಟಿಗಳನ್ನು ತುಂಬುವಂತೆ ಆ ಭಿಕ್ಷುಗಳು ಏರ್ಪಡಿಸಿದ್ದರು. ಮಳೆನೀರಿನ ಸಂಗ್ರಹವನ್ನು ಹೊಸ ವಿದ್ಯೆಯೆಂದು ತಿಳಿದವರು ಇದನ್ನೊಮ್ಮೆ ನೋಡಬೇಕು.

ಕನ್ನಡಿಗರು ಇಲ್ಲಿ ತುಸು ಹೊತ್ತು ನಿಲ್ಲಬೇಕಾದ ಇನ್ನೊಂದು ಕಾರಣವಿದೆ. ಒಂಬತ್ತನೆಯ ಶತಮಾನದಲ್ಲಿ ಈ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರು ಮಾನ್ಯಖೇಟದ ರಾಷ್ಟ್ರಕೂಟರಿಗೆ ಮಾಂಡಲಿಕರಾಗಿದ್ದರು. ಶಿಲಾಹಾರ ಅರಸರಾದ ಪುಲ್ಲಶಕ್ತಿ ಮತ್ತು ಕಪರ್ದಿಯ ಕಾಲದಲ್ಲಿ ಇಲ್ಲಿ ಕೆತ್ತಿದ ಶಾಸನಗಳು ಸಾರ್ವಭೌಮನಾದ ಅಮೋಘವರ್ಷನ ಹೆಸರನ್ನು ಹೇಳುತ್ತವೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ವು ಹುಟ್ಟಿದ್ದು ಆ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ. ಆತನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜೈನಮತಕ್ಕೆ ಒಲಿದಿದ್ದ ಅರಸನ ರಾಜ್ಯದಲ್ಲಿ ಬೌದ್ಧ ಭಿಕ್ಷುಗಳ ಊಟ ವಸತಿಗಳಿಗೆ ದತ್ತಿ ಸಲ್ಲುತ್ತಿತ್ತು. ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಭಕ್ತನೂ ಇಲ್ಲಿ ದಾನಮಾಡಿದ್ದನು. ಮುಂಬಯಿಯ ಕಾಡಿನ ನಡುವೆ ಮಳಖೇಡದ ಅರಸನ ಹೆಸರನ್ನು ಕಾಣುವುದು ನಮಗೆ ದೊರೆತ ಅನಿರೀಕ್ಷಿತ ಸಂತೋಷ.

ಕಾಡಿನ ಒಕ್ಕಲುಗಳು

ಚುಕ್ಕೆಜಿಂಕೆ, ಕಡವೆ, ಕಾಡುಕುರಿ, ಕಾಡುಹಂದಿ, ಮುಸುವ, ಪುನುಗುಬೆಕ್ಕು, ಅಂಗೈಯಗಲದ ಪತಂಗಗಳು, ತುಳಸಿ ಮತ್ತು ವಿಹಾರ ಕೆರೆಗಳಲ್ಲಿ ಮೊಸಳೆ: ಇವೆಲ್ಲ ಇಲ್ಲಿನ ನಿವಾಸಿಗಳು. 250ಕ್ಕೂ ಹೆಚ್ಚು ಬಗೆಯ ಪಕ್ಷಿಗಳನ್ನು ಇಲ್ಲಿ ಗುರುತಿಸಲಾಗಿದೆ. ತೇಗ, ಮುತ್ತುಗ, ಬೂರುಗ, ಬಿದಿರುಗಳ ನಡುವೆ ಬೆಳೆಯುವ ಕಾರ್ವಿ ಎಂಬ ಪೊದೆಗಿಡವು ಎಂಟು ವರ್ಷಗಳಿಗೊಮ್ಮೆ ಮಾತ್ರ ಹೂಬಿಡುತ್ತದೆ. 2016ರಲ್ಲಿ ಹೂಬಿಟ್ಟದ್ದು ಮತ್ತೆ ಅರಳಿದ್ದು 2024ರಲ್ಲಿ. ಒಮ್ಮೆ ಹೂಬಿಟ್ಟು ಬೀಜ ಚೆಲ್ಲಿದ ಗಿಡ ಒಣಗಿಹೋಗುತ್ತದೆ. ಮಣ್ಣಿಗೆ ಬಿದ್ದ ಬೀಜದಿಂದ ಹೊಸ ಪೀಳಿಗೆ ಏಳುತ್ತದೆ.

ಉದ್ಯಾನದ ಸಫಾರಿಯಲ್ಲಿ ತೋರಿಸುವ ಹುಲಿ ಸಿಂಹಗಳು ಬೇಲಿಯೊಳಗೆ ಸಾಕಿದವು; ಈ ಕಾಡಿನಲ್ಲಿ ತಾವಾಗಿ ಬೆಳೆದವಲ್ಲ. ಇಲ್ಲಿನ ನಿಜವಾದ ಒಡೆಯ ಚಿರತೆ. ಗುಪ್ತ ಕ್ಯಾಮರಾಗಳನ್ನಿರಿಸಿ ಈ ಕಾಡಿನಲ್ಲೂ ಸುತ್ತಲ ಪ್ರದೇಶದಲ್ಲೂ 2015ರಲ್ಲಿ ನಡೆಸಿದ ಎಣಿಕೆಯಲ್ಲಿ 35 ಚಿರತೆಗಳೂ 2018ರ ಎಣಿಕೆಯಲ್ಲಿ 47 ಚಿರತೆಗಳೂ ಕಂಡುಬಂದವು. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ಚಿರತೆಗಳಿರುವ ತಾಣಗಳು ಜಗತ್ತಿನಲ್ಲಿಯೇ ಕಡಿಮೆ. ನಾವು ಹೋದ ದಿನ ಒಂದು ಚಿರತೆಯೂ ಕಣ್ಣಿಗೆ ಬೀಳಲಿಲ್ಲ. ಅದು ಹಾಗೆಯೇ ಇರಬೇಕು. ಹಗಲು ಜನರಿಂದ ಮರೆಯಾಗಿ, ಇರುಳು ಜನ ಮಲಗಿದ ಮೇಲೆ ಹೊರಬರುವುದನ್ನು ಕಲಿತಿರುವುದರಿಂದಲೇ ಆ ಪ್ರಾಣಿ ಇಲ್ಲಿ ಬದುಕಿದೆ.

ಸಾವಿನ ವರ್ಷಗಳು ಕಲಿಸಿದ್ದು

ಆದರೆ ಈ ನೆರೆಹೊರೆ ಸದಾ ಸುಖಕರವಾಗಿರಲಿಲ್ಲ ಎಂಬುದನ್ನು ಮರೆಮಾಚಬಾರದು. 2002ರಿಂದ 2004ರವರೆಗೆ ಇಲ್ಲಿ ಚಿರತೆಯ ದಾಳಿಗಳು ವಿಪರೀತವಾದವು. 2004ರ ಜೂನ್ ತಿಂಗಳಲ್ಲಂತೂ ಸಾವಿನ ಸುದ್ದಿ ಮೇಲಿಂದ ಮೇಲೆ ಬಂದಿತು. ಸತ್ತವರಲ್ಲಿ ಬಹಳಷ್ಟು ಮಂದಿ ಕಾಡಂಚಿನ ಬಡವರು, ಅವರಲ್ಲಿಯೂ ಮಕ್ಕಳು. ಮನೆಯಲ್ಲಿ ಶೌಚಾಲಯವಿಲ್ಲದೆ ಕತ್ತಲಲ್ಲಿ ಬಯಲಿಗೆ ಹೋಗಬೇಕಾದವರು, ಬೀದಿದೀಪವಿಲ್ಲದ ದಾರಿಯಲ್ಲಿ ನಡೆಯಬೇಕಾದವರು ಅವರು. ಕುಳಿತ ಮನುಷ್ಯನೂ ಎಳೆಯ ಮಗುವೂ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ತೋರುತ್ತವೆ ಎಂದು ಬಲ್ಲವರು ಹೇಳುತ್ತಾರೆ.

ಆಗ ಎಲ್ಲೆಡೆ ಕೇಳಿಬಂದ ಬೇಡಿಕೆ ಒಂದೇ: ಚಿರತೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿ ಎಂಬುದು. ಆದರೆ ತಜ್ಞರು ಗಮನಿಸಿದ್ದು ಇದಕ್ಕೆ ತೀರ ವಿರುದ್ಧವಾದ ಸಂಗತಿಯನ್ನು. ಬೇರೆ ಊರುಗಳಲ್ಲಿ ಸೆರೆಹಿಡಿದ ಚಿರತೆಗಳನ್ನು ಈ ಕಾಡಿಗೆ ತಂದು ಬಿಡುತ್ತಿದ್ದುದೇ ದಾಳಿಗಳು ಹೆಚ್ಚಲು ಒಂದು ಕಾರಣವೆಂದು ಅವರು ಅಭಿಪ್ರಾಯಪಟ್ಟರು. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಅಧ್ಯಯನ ಮಾಡಿದ ವಿದ್ಯಾ ಆತ್ರೇಯ ಅವರೂ ಇದನ್ನೇ ಕಂಡುಕೊಂಡರು. ತನ್ನ ನೆಲೆಯಿಂದ ಕಿತ್ತ ಚಿರತೆಯು ದಿಕ್ಕುಗೆಟ್ಟು, ಅಪರಿಚಿತ ಸ್ಥಳದಲ್ಲಿ ಜನರಿಗೆ ಅಪಾಯಕಾರಿಯಾಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಬೇರೊಂದು ಚಿರತೆ ಬಂದು ಸೇರುತ್ತದೆ.

ಚಿರತೆಗೆ ತನ್ನ ದಾರಿ ಎಷ್ಟು ಚೆನ್ನಾಗಿ ಗೊತ್ತಿರುತ್ತದೆಂಬುದಕ್ಕೆ ‘ಅಜೋಬಾ’ನ ಕಥೆ ನಿದರ್ಶನ. ಮರಾಠಿಯಲ್ಲಿ ಅಜೋಬಾ ಎಂದರೆ ಅಜ್ಜ. 2009ರಲ್ಲಿ ಅಹಮದನಗರ ಜಿಲ್ಲೆಯ ಬಾವಿಯೊಂದರಲ್ಲಿ ಬಿದ್ದಿದ್ದ ಈ ವಯಸ್ಸಾದ ಚಿರತೆಯನ್ನು ಮೇಲೆತ್ತಿ, ಕೊರಳಿಗೆ ಪಟ್ಟಿ ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಅದು ಹೆದ್ದಾರಿಗಳನ್ನೂ ರೈಲುಹಳಿಗಳನ್ನೂ ಜನವಸತಿಗಳನ್ನೂ ದಾಟಿ, ಯಾರೊಬ್ಬರಿಗೂ ಕೇಡು ಮಾಡದೆ, ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯ ಅಂಚಿನ ಕಾಡನ್ನು ಸೇರಿತು. 2011ರ ಡಿಸೆಂಬರಿನಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಅದರ ಕಥೆ 2014ರಲ್ಲಿ ಮರಾಠಿ ಚಲನಚಿತ್ರವಾಯಿತು.

2011ರ ಸುಮಾರಿಗೆ ಉದ್ಯಾನದ ಅಂದಿನ ನಿರ್ದೇಶಕ ಸುನೀಲ್ ಲಿಮಯೆ ಅವರ ಕಾಲದಲ್ಲಿ ಅರಣ್ಯ ಇಲಾಖೆಯು ನಾಗರಿಕರನ್ನೂ ವಿಜ್ಞಾನಿಗಳನ್ನೂ ಪತ್ರಕರ್ತರನ್ನೂ ಜೊತೆಗೂಡಿಸಿ ಜನಜಾಗೃತಿಯ ಕಾರ್ಯವನ್ನು ಕೈಗೊಂಡಿತು. ಅವರು ಬೋಧಿಸಿದ್ದು ಸರಳವಾದ ಮಾತುಗಳನ್ನು. ಕಸವನ್ನು ರಾಶಿ ಹಾಕಬೇಡಿ. ಕಸವಿದ್ದಲ್ಲಿ ನಾಯಿ ಹಂದಿಗಳು ಸೇರುತ್ತವೆ, ಅವುಗಳನ್ನರಸಿ ಚಿರತೆ ಬರುತ್ತದೆ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಶೌಚಾಲಯಕ್ಕೂ ಅದರ ದಾರಿಗೂ ದೀಪ ಬೇಕು. ಇರುಳು ನಡೆಯುವಾಗ ಮಾತನಾಡುತ್ತಲೋ ಹಾಡುತ್ತಲೋ ನಡೆಯಿರಿ. ಚಿರತೆ ಕಂಡರೆ ಮುತ್ತಿಗೆ ಹಾಕಬೇಡಿ. ಅದು ಹೊರಟುಹೋಗಲು ದಾರಿ ಬಿಡಿ. ಈ ನಡತೆಯನ್ನು ಜನ ರೂಢಿಸಿಕೊಂಡಂತೆ ದಾಳಿಗಳು ಗಣನೀಯವಾಗಿ ಇಳಿದವು. ಇದರೊಡನೆ, ಚಿರತೆಗಳು ಬೀದಿನಾಯಿಗಳನ್ನು ಹಿಡಿಯುವುದರಿಂದ ನಾಯಿಕಡಿತ ಹಾಗೂ ಹುಚ್ಚುನಾಯಿ ರೋಗದ ಭಯ ಈ ಪ್ರದೇಶದಲ್ಲಿ ತಗ್ಗುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವರ್ಷಕ್ಕೆ ಸುಮಾರು 1500 ನಾಯಿಗಳು ಚಿರತೆಗಳಿಗೆ ಆಹಾರವಾಗುತ್ತವೆಂದು ಅದರ ಅಂದಾಜು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2022ರ ಅಕ್ಟೋಬರಿನಲ್ಲಿ, ದೀಪಾವಳಿಯ ದಿನ, ಆರೆ ಕಾಲೊನಿಯಲ್ಲಿ ಒಂದೂವರೆ ವರ್ಷವೂ ತುಂಬದ ಹೆಣ್ಣುಮಗುವೊಂದು ಚಿರತೆಗೆ ಬಲಿಯಾಯಿತು. ಹೆತ್ತ ಒಡಲಿನ ಸಂಕಟದ ಮುಂದೆ ಯಾವ ಅಂಕಿಅಂಶವೂ ನಿಲ್ಲಲಾರದು. ಸಹಬಾಳ್ವೆಯ ಮಾತನ್ನು ಎತ್ತರದ ಮಹಡಿಯಲ್ಲಿ ಕುಳಿತು ಆಡುವುದು ಸುಲಭ. ಅದರ ಬೆಲೆಯನ್ನು ತೆರುವವರು ಗುಡಿಸಲಿನವರು. 1997ರಲ್ಲಿ ಮುಂಬಯಿ ಹೈಕೋರ್ಟು ಒತ್ತುವರಿಯ ತೆರವಿಗೆ ಆಜ್ಞೆ ಮಾಡಿದ ಮೇಲೆ ಕಾಡಿನೊಳಗಿನ ಸಾವಿರಾರು ಗುಡಿಸಲುಗಳನ್ನು ತೆಗೆಯಲಾಯಿತು. ಕೆಲವು ಕುಟುಂಬಗಳಿಗೆ ಚಾಂದಿವಲಿಯಲ್ಲಿ ಮನೆ ದೊರೆತದ್ದು ಬಹಳ ತಡವಾಗಿ. ಕಾಡನ್ನು ಉಳಿಸಬೇಕೆಂಬುದು ನಿಜ. ಆದರೆ ಅದರ ಭಾರವನ್ನೆಲ್ಲ ಬಡವರ ಹೆಗಲ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ದೀಪ, ಶೌಚಾಲಯ, ಕಸದ ವಿಲೇವಾರಿಗಳನ್ನು ಒದಗಿಸುವುದೂ ಕಾಡಿನ ರಕ್ಷಣೆಯ ಒಂದು ಭಾಗವೇ.

ಹುಲಿಯನ್ನೇರಿದ ಮಹದೇಶ್ವರ

ಈ ಕಾಡಿನ ಮೂಲನಿವಾಸಿಗಳಾದ ವಾರ್ಲಿ ಜನರ ಹಾಡಿಗಳು ಇಂದಿಗೂ ಇಲ್ಲಿವೆ. ಅವರು ವಾಘೋಬಾ ಎಂಬ ದೈವವನ್ನು ಪೂಜಿಸುತ್ತಾರೆ. ಹುಲಿ ಮತ್ತು ಚಿರತೆಗಳ ರೂಪದಲ್ಲಿರುವ ಈ ದೈವಕ್ಕೆ ವರ್ಷಕ್ಕೊಮ್ಮೆ ಸೇವೆ ಸಲ್ಲಿಸಿದರೆ ಅದು ತಮ್ಮನ್ನೂ ತಮ್ಮ ದನಕರುಗಳನ್ನೂ ಕಾಯುತ್ತದೆಂಬುದು ಅವರ ನಂಬಿಕೆ. ಇದನ್ನು ತಿಳಿದಾಗ ನಮಗೆ ನೆನಪಾದದ್ದು ಹುಲಿಯನ್ನೇ ವಾಹನವಾಗಿಸಿಕೊಂಡು ಏಳುಮಲೆಗಳಲ್ಲಿ ಸಂಚರಿಸಿದನೆಂದು ನಮ್ಮ ಜನಪದರು ಹಾಡಿ ಹೊಗಳುವ ಮಲೆಯ ಮಹದೇಶ್ವರ. ಕ್ರೂರಮೃಗವನ್ನು ಕೊಲ್ಲದೆ ಒಲಿಸಿಕೊಂಡ ಶರಣನ ಪರಂಪರೆ ನಮ್ಮದು. ಅಕ್ಕಮಹಾದೇವಿಯು ಕದಳಿಯ ಕಾಡನ್ನು ಹೊಕ್ಕದ್ದು ಅಲ್ಲಿನ ಜೀವಿಗಳೊಡನೆ ಬಂಧುವಾಗಿ, ಒಡತಿಯಾಗಿ ಅಲ್ಲ. ಸಕಲ ಜೀವಿಗಳಿಗೂ ಒಳಿತನ್ನು ಹಾರೈಸುವುದು ಶರಣಧರ್ಮದ ತಿರುಳು.

ಹೀಗಿರುವಾಗ, 2025ರ ಜೂನ್ ತಿಂಗಳಲ್ಲಿ ಅದೇ ಮಲೆಮಹದೇಶ್ವರ ವನ್ಯಧಾಮದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿಯು ಹಸುವನ್ನು ಕೊಂದಿತೆಂಬ ಸಿಟ್ಟು ಆ ವಿಷದ ಹಿಂದಿತ್ತು. ಹಸುವನ್ನು ಕಳೆದುಕೊಂಡ ರೈತನ ನಷ್ಟ ಸಣ್ಣದಲ್ಲ. ಆತನಿಗೆ ಪರಿಹಾರವು ತಡವಿಲ್ಲದೆ ಸಲ್ಲಬೇಕು. ಆದರೆ ಮಹದೇಶ್ವರನ ಬೆಟ್ಟದಲ್ಲಿಯೇ ಹುಲಿಗೆ ವಿಷವಿಕ್ಕುವಂಥ ಸ್ಥಿತಿ ಬಂದಿತಲ್ಲ ಎಂಬುದು ನಾವೆಲ್ಲರೂ ತಲೆತಗ್ಗಿಸಬೇಕಾದ ಸಂಗತಿ. ಇನ್ನೊಂದೆಡೆ, 2022ರ ಕೊನೆಯ ತಿಂಗಳುಗಳಲ್ಲಿಯೂ 2023ರ ಆರಂಭದಲ್ಲಿಯೂ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಹಲವರು ಪ್ರಾಣತೆತ್ತರು. ಕಬ್ಬಿನ ಗದ್ದೆಗಳು ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆಯಾಗಿರುವ ಈ ದಿನಗಳಲ್ಲಿ ಮುಂಬಯಿಯ ಅನುಭವ ನಮ್ಮ ಹಳ್ಳಿಗಳಿಗೂ ಉಪಯುಕ್ತವಾದದ್ದು. ಬೋನಿಟ್ಟು ಹಿಡಿಯುವುದೊಂದೇ ಉಪಾಯವಲ್ಲ. ಕೊಟ್ಟಿಗೆಗೆ ಭದ್ರವಾದ ಬಾಗಿಲು, ಮನೆಗೆ ಶೌಚಾಲಯ, ಬೀದಿಗೆ ದೀಪ, ಸಂಜೆಯ ಮೇಲೆ ಮಕ್ಕಳ ಮೇಲೊಂದು ಕಣ್ಣು, ಇವು ಬೋನಿಗಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲವು.

ನೋಡಹೋಗುವವರಿಗೆ

ಕಲಬುರಗಿ, ಸೊಲ್ಲಾಪುರ ಮಾರ್ಗವಾಗಿ ಮುಂಬಯಿಗೆ ಹೋಗುವವರು ದಾದರ್ ತಲುಪಿ, ಅಲ್ಲಿಂದ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಯಲ್ಲಿ ಬೋರಿವಲಿಗೆ ಹೋಗಬಹುದು. ನಿಲ್ದಾಣದ ಪೂರ್ವಭಾಗದಲ್ಲಿ ಹೊರಬಂದರೆ ರಿಕ್ಷಾದಲ್ಲಿ ಸ್ವಲ್ಪ ಹೊತ್ತಿನಲ್ಲಿ ಉದ್ಯಾನದ ಮಹಾದ್ವಾರವನ್ನು ಸೇರಬಹುದು. ಸೋಮವಾರ ರಜೆ. ಬೆಳಿಗ್ಗೆ ಬೇಗನೆ ಹೋಗುವುದು ಉತ್ತಮ. ಬಿಸಿಲೇರಿದ ಮೇಲೆ ಗುಹೆಗಳ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಕಷ್ಟ. ಮಳೆಗಾಲದಲ್ಲಿ ಕಾಡು ಅತ್ಯಂತ ಸುಂದರವಾಗಿರುತ್ತದೆ, ಆದರೆ ಬಂಡೆಗಳು ಜಾರುತ್ತವೆ. ಮಕ್ಕಳ ಕೈ ಬಿಡಬಾರದು. ಗಾಂಧಿ ಟೇಕಡಿಯಿಂದ ಕಾಡಿನ ನೋಟ ಚೆನ್ನಾಗಿದೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಪ್ಲಾಸ್ಟಿಕ್ ಚೀಲ ಬೇಡ. ಕೋತಿಗಳಿಗೆ ತಿನಿಸು ಕೊಡುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ಅದರಿಂದ ಅವು ತಮ್ಮ ಸಹಜ ಆಹಾರವನ್ನು ಮರೆತು ಜನರ ಕೈಗೇ ಬಾಯಿಹಾಕುವ ಅಭ್ಯಾಸಕ್ಕೆ ಬೀಳುತ್ತವೆ. ಹಾಡು ಹಾಕುವ ಯಂತ್ರಗಳನ್ನು ಮನೆಯಲ್ಲಿಯೇ ಬಿಟ್ಟುಹೋದರೆ ಹಕ್ಕಿಗಳ ದನಿ ಕೇಳಲು ಸಿಗುತ್ತದೆ. ಗೊತ್ತುಪಡಿಸಿದ ದಾರಿಯನ್ನು ಬಿಟ್ಟು ಕಾಡಿನೊಳಗೆ ಹೋಗಬಾರದು; ಸಂಜೆಯಾಗುವ ಮುನ್ನ ಹೊರಬರಬೇಕು.

ನಗರದ ಒತ್ತಡ ಈ ಕಾಡಿನ ಮೇಲೆ ದಿನದಿನಕ್ಕೂ ಹೆಚ್ಚುತ್ತಿದೆ. 2016ರ ಡಿಸೆಂಬರಿನಲ್ಲಿ ಉದ್ಯಾನದ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಲಾಯಿತು. 2024ರ ಜುಲೈನಲ್ಲಿ ಕಾಡಿನ ನೆಲದಡಿ ಠಾಣೆ ಮತ್ತು ಬೋರಿವಲಿಗಳನ್ನು ಜೋಡಿಸುವ ಸುರಂಗ ರಸ್ತೆಗೆ ಶಂಕುಸ್ಥಾಪನೆಯಾಯಿತು. ಜನರಿಗೆ ರಸ್ತೆ ಬೇಡವೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಂದು ಅನುಕೂಲವನ್ನೂ ಕಾಡಿನಿಂದಲೇ ಕಿತ್ತುಕೊಳ್ಳುತ್ತ ಹೋದರೆ ಕೊನೆಗೆ ಉಳಿಯುವುದು ಹೆಸರಿನಲ್ಲಿ ಮಾತ್ರ ಉದ್ಯಾನ. ಮುಂಬಯಿಗೆ ಹೋಗುವ ಓದುಗರು ಬಂಧುಗಳ ಮನೆಯಲ್ಲಿ ಒಂದು ದಿನ ಹೆಚ್ಚಾಗಿ ಉಳಿದು, ಮಕ್ಕಳನ್ನು ಕರೆದುಕೊಂಡು ಈ ಕಾಡಿಗೆ ಹೋಗಿಬರಬೇಕೆಂಬುದು ನಮ್ಮ ವಿನಂತಿ. ಅತಿಥಿಯಾಗಿ ಹೋದವರು ಮನೆಯೊಡೆಯನ ಒಂದು ಕಡ್ಡಿಯನ್ನೂ ಕದಲಿಸದೆ, ಒಂದು ಕಸವನ್ನೂ ಬಿಡದೆ ಬರುವುದು ಶಿಷ್ಟಾಚಾರ. ಕಾಡಿಗೆ ಹೋದಾಗಲೂ ಅದೇ ನಡತೆ ನಮ್ಮದಾಗಿರಲಿ.